ನಾದದಾಸೋಹಿ ಗಾನಯೋಗಿ ಪಂಚಾಕ್ಷರ ಗವಾಯಿಗಳವರು

ನಾಡಿನ ಮಠಗಳ ಚರಿತ್ರೆಯಲ್ಲಿ ಅನ್ನದಾಸೋಹ, ಜ್ಞಾನದಾಸೋಹಗಳ ಹೆಸರು ಜೊತೆಜೊತೆಯಾಗಿಯೇ ಬರುತ್ತದೆ. ಹಸಿದವನಿಗೆ ಅಕ್ಷರ ಹತ್ತದು; ಅಕ್ಷರವಿಲ್ಲದವನಿಗೆ ಇಂದು ಉಂಡ ಅನ್ನ ನಾಳಿನ ಭರವಸೆಯಾಗದು. ಈ ಸತ್ಯವನ್ನು ಅರಿತೇ ನಮ್ಮ ಹಿರಿಯರು ಪಾಠಶಾಲೆಯ ಮಗ್ಗುಲಲ್ಲಿ ಪ್ರಸಾದನಿಲಯವನ್ನೂ ಕಟ್ಟಿದರು. ಈ ಎರಡು ದಾಸೋಹಗಳೊಡನೆ ಮೂರನೆಯದಾಗಿ ನಾದದಾಸೋಹವನ್ನು ಕೂಡಿಸಿ, ಆ ಮೂರಕ್ಕೂ ತಮ್ಮ ಬಾಳನ್ನೇ ಧಾರೆಯೆರೆದ ಮಹನೀಯರು ಗಾನಯೋಗಿ ಪಂಚಾಕ್ಷರ ಗವಾಯಿಗಳವರು. ಅವರನ್ನು ನಾಡು ಶ್ರೇಷ್ಠ ಗಾಯಕರೆಂದು ಕೊಂಡಾಡಿದೆ. ಆದರೆ ಶಾಲೆಯೊಂದರ ಸ್ಮರಣ ಸಂಚಿಕೆಯಲ್ಲಿ ಅವರನ್ನು ಶಿಕ್ಷಕರೆಂದೇ ನೆನೆಯುವುದು ಹೆಚ್ಚು ಉಚಿತವೆಂದು ತೋರುತ್ತದೆ. ಏಕೆಂದರೆ ಹಾಡುವುದು ಅವರಿಗೆ ದೈವದತ್ತವಾಗಿ ಬಂದ ಶಕ್ತಿ. ಕಲಿಸುವುದು ಅವರು ಬುದ್ಧಿಪೂರ್ವಕವಾಗಿ ಆರಿಸಿಕೊಂಡ ಕಾಯಕ.

ನಮ್ಮ ನೆಲ, ನಮ್ಮ ಕೊರಳು

ಕೃಷ್ಣೆ ಘಟಪ್ರಭೆಯರು ಹರಿದ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಈ ಸೀಮೆ ಸಂಗೀತಕ್ಕೆ ಹೊಸತಲ್ಲ. ಶ್ರೀಕೃಷ್ಣ ಪಾರಿಜಾತದ ಆಟ ಕಟ್ಟಿದ ರಾತ್ರಿ ಬೆಳಗಾಗುವವರೆಗೂ ಕಣ್ಣೆವೆ ಮುಚ್ಚದೆ ಕುಳಿತ ಜನ ಇಲ್ಲಿಯವರು. ಶ್ರಾವಣದಲ್ಲಿ ಪುರಾಣ, ಸೋಮವಾರದ ಭಜನೆ, ಮದುವೆಯಲ್ಲಿ ಸೋಬಾನೆ, ಮಗ್ಗದ ಮುಂದೆ ಕುಳಿತಾಗ ತತ್ತ್ವಪದ, ಹೀಗೆ ಹಾಡು ಇಲ್ಲಿ ದಿನದ ಬಾಳಿನೊಡನೆ ಹೆಣೆದುಕೊಂಡು ಬಂದಿದೆ. ಮರಾಠಿ ರಂಗಭೂಮಿಯನ್ನೂ ಮುಂಬಯಿಯ ಚಿತ್ರಲೋಕವನ್ನೂ ತನ್ನ ಕಂಠಮಾಧುರ್ಯದಿಂದ ಬೆಳಗಿದ ಅಮೀರಬಾಯಿ ಕರ್ನಾಟಕಿ (1906-1965) ಹುಟ್ಟಿದ್ದು ಬೀಳಗಿಯಲ್ಲಿ. 1943ರಲ್ಲಿ ತೆರೆಕಂಡ ಕಿಸ್ಮತ್ ಚಿತ್ರದ ಹಾಡುಗಳಿಂದ ಆ ಕನ್ನಡತಿಯ ಧ್ವನಿ ಭಾರತದ ಮನೆಮನೆಗೂ ತಲುಪಿತು. ಆಕೆಯ ಸಹೋದರಿ ಗೋಹರಬಾಯಿಯವರೂ ಬಾಲಗಂಧರ್ವರೊಡನೆ ರಂಗವೇರಿ ಹೆಸರಾದವರು.

ಆದರೆ ಒಂದು ಮಾತನ್ನು ಗಮನಿಸಬೇಕು. ಇಲ್ಲಿ ಕೊರಳಿಗೆ ಎಂದೂ ಬರವಿರಲಿಲ್ಲ. ಆ ಕೊರಳನ್ನು ಶಾಸ್ತ್ರಬದ್ಧವಾಗಿ ತಿದ್ದುವ ಶಾಲೆಗೆ ಬರವಿತ್ತು. ಸಂಗೀತ ಕಲಿಯಬೇಕೆಂಬವನು ಒಂದೋ ನಾಟಕ ಕಂಪನಿಯನ್ನು ಸೇರಬೇಕು, ಇಲ್ಲವೆ ಸಂಸ್ಥಾನದ ಆಶ್ರಯದಲ್ಲಿದ್ದ ಉಸ್ತಾದರ ಮನೆಯಲ್ಲಿ ವರ್ಷಗಟ್ಟಲೆ ಸೇವೆ ಮಾಡಬೇಕು. ಜಮಖಂಡಿ, ಮಿರಜ, ಸಾಂಗಲಿ, ಕುರುಂದವಾಡಗಳ ಪಟವರ್ಧನ ಮನೆತನದ ಸಂಸ್ಥಾನಗಳು ಒಂದರ ಪಕ್ಕ ಒಂದು ಇದ್ದವು. ಮಿರಜವಂತೂ ಸಂಗೀತದ ತವರೆಂದೇ ಪ್ರಸಿದ್ಧವಾಗಿತ್ತು. ಹಾಗಿದ್ದರೂ ಹಳ್ಳಿಯ ಬಡವನ ಮಗನಿಗೆ ಆ ಬಾಗಿಲು ದೂರದ್ದು. ಆ ಮಗ ಅಂಧನೂ ಆಗಿದ್ದರಂತೂ ಅವನ ಪಾಲಿಗೆ ಉಳಿದದ್ದು ಗುಡಿಯ ಮೆಟ್ಟಿಲು, ಸಂತೆಯ ದಾರಿ, ಚಾಚಿದ ಕೈ. ಇಂಥ ಕಾಲದಲ್ಲಿ ಪಂಚಾಕ್ಷರ ಗವಾಯಿಗಳ ಜನನವಾಯಿತು.

ಜನನ, ಬಾಲ್ಯ

ಅಂದಿನ ಧಾರವಾಡ ಜಿಲ್ಲೆಯ, ಇಂದಿನ ಹಾವೇರಿ ಜಿಲ್ಲೆಯ ಹಾನಗಲ್ಲ ತಾಲೂಕಿನಲ್ಲಿ ಕಾಡಶೆಟ್ಟಿಹಳ್ಳಿ ಎಂಬ ಚಿಕ್ಕ ಗ್ರಾಮವಿದೆ. ಅಲ್ಲಿಯ ಗುರುಪಾದಯ್ಯ, ನೀಲಮ್ಮ ದಂಪತಿಗಳ ಉದರದಲ್ಲಿ 1892ರ ಫೆಬ್ರುವರಿ 2ರಂದು ಜನಿಸಿದ ಶಿಶುವಿಗೆ ಗದಿಗೆಯ್ಯ ಎಂದು ಹೆಸರಿಟ್ಟರು. ಮಗುವಿಗೆ ಕಣ್ಣಿನ ಬೆಳಕಿರಲಿಲ್ಲ. ಒಡಹುಟ್ಟಿದ ಸಹೋದರನೂ ಅಂಧನೇ. ಹೊಲಮನೆಯ ಕೆಲಸಕ್ಕೆ ಒದಗದ ಇಬ್ಬರು ಮಕ್ಕಳನ್ನು ಸಾಕುವ ಬಡ ತಂದೆತಾಯಿಗಳ ಸಂಕಟವನ್ನು ಬಣ್ಣಿಸಬೇಕಾಗಿಲ್ಲ. ಆದರೆ ಆ ಇಬ್ಬರಿಗೂ ಕಿವಿ ಚುರುಕಾಗಿತ್ತು, ಕಂಠ ಇಂಪಾಗಿತ್ತು. ಊರಿನ ಭಜನೆಯಲ್ಲಿ ಕೇಳಿದ್ದನ್ನು ಕೇಳಿದ ಹಾಗೆಯೇ ಹಾಡುವ ಶಕ್ತಿ ಅವರಿಗೆ ಸಹಜವಾಗಿ ಒಲಿದಿತ್ತು.

ಲೋಕ ಇಂಥ ಮಕ್ಕಳನ್ನು ಕಂಡು ಮರುಗುತ್ತದೆ, ಕೈಗೆ ಕಾಸು ಹಾಕಿ ಮುಂದೆ ನಡೆಯುತ್ತದೆ. ಮರುಕಕ್ಕಿಂತ ಹೆಚ್ಚಿನದನ್ನು ಕೊಡಬಲ್ಲವರು ವಿರಳ. ಅಂಥವರೊಬ್ಬರ ದೃಷ್ಟಿ ಈ ಮಕ್ಕಳ ಮೇಲೆ ಬಿದ್ದುದೇ ಕನ್ನಡ ನಾಡಿನ ಸಂಗೀತದ ಸುದೈವ.

ಗುರುಕಾರುಣ್ಯ

ಹಾನಗಲ್ಲ ವಿರಕ್ತಮಠದ ಶ್ರೀ ಕುಮಾರಸ್ವಾಮಿಗಳು (1867-1930) ಆ ಕಾಲದ ಯುಗಪ್ರವರ್ತಕರು. 1904ರಲ್ಲಿ ಧಾರವಾಡದಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆಯನ್ನು ಹುಟ್ಟುಹಾಕಿದವರು; 1909ರಲ್ಲಿ ಬಾದಾಮಿಯ ಸಮೀಪದಲ್ಲಿ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗಮಂದಿರವನ್ನು ಸ್ಥಾಪಿಸಿದವರು. ಧರ್ಮ, ಶಾಸ್ತ್ರ, ವೈದ್ಯ, ಗೋರಕ್ಷಣೆ, ಗ್ರಂಥಸಂಗ್ರಹ ಇವೆಲ್ಲವುಗಳೊಡನೆ ಸಂಗೀತಕ್ಕೂ ಅವರ ಯೋಜನೆಯಲ್ಲಿ ಸ್ಥಾನವಿತ್ತು. ಅಂಧ ಸಹೋದರರ ಹಾಡನ್ನು ಕೇಳಿದ ಪೂಜ್ಯರು ಆ ಮಕ್ಕಳನ್ನು ಮಠಕ್ಕೆ ಒಪ್ಪಿಸಬೇಕೆಂದು ತಂದೆತಾಯಿಗಳನ್ನು ಕೇಳಿಕೊಂಡರು. ಗದಿಗೆಯ್ಯ ಮುಂದೆ ಪಂಚಾಕ್ಷರಿಯಾದುದು ಆ ಗುರುಸನ್ನಿಧಿಯಲ್ಲಿ.

ಇಲ್ಲಿ ದಾನಿಗಳೂ ಶಿಕ್ಷಣಪ್ರೇಮಿಗಳೂ ಗಮನಿಸಬೇಕಾದ ವಿಷಯವೊಂದಿದೆ. ಕುಮಾರಸ್ವಾಮಿಗಳು ಸ್ವತಃ ಸಂಗೀತವಿದ್ವಾಂಸರೆಂದು ಹೆಸರಾದವರಲ್ಲ. ಆದರೆ ಸಂಗೀತಗಾರನೊಬ್ಬನನ್ನು ತಯಾರಿಸಲು ಏನು ಬೇಕೆಂಬುದನ್ನು ಅವರು ಚೆನ್ನಾಗಿ ಬಲ್ಲರು: ಯೋಗ್ಯ ಗುರು, ಚಿಂತೆಯಿಲ್ಲದ ಊಟ, ವರ್ಷಾನುಗಟ್ಟಲೆ ಕಾಯುವ ತಾಳ್ಮೆ. ಮೊದಲು ಬಾಲಕನನ್ನು ಮೈಸೂರಿಗೆ ಕಳುಹಿಸಿ ಕರ್ನಾಟಕ ಸಂಗೀತದ ಶಿಕ್ಷಣ ಕೊಡಿಸಿದರು. ದಕ್ಷಿಣಾದಿ ಪದ್ಧತಿಯಲ್ಲಿ ಪಳಗಿ ಬಂದ ಶಿಷ್ಯನನ್ನು ಅಷ್ಟಕ್ಕೇ ನಿಲ್ಲಿಸದೆ, ಶಿವಯೋಗಮಂದಿರದಲ್ಲಿ ಹಿಂದುಸ್ತಾನಿ ಸಂಗೀತದ ಪಾಠವನ್ನೂ ಏರ್ಪಡಿಸಿದರು. ಅದಕ್ಕಾಗಿ ಆಯ್ಕೆಯಾದ ಗುರುಗಳು ಮಿರಜದ ಪಂಡಿತ ನೀಲಕಂಠಬುವಾ ಆಲೂರಮಠ ಅವರು.

ಗ್ವಾಲಿಯರ ಗಾಯಕಿಯ ಧಾರೆ

ನೀಲಕಂಠಬುವಾ ಅವರು ಬಾಲಕೃಷ್ಣಬುವಾ ಇಚಲಕರಂಜೀಕರರ ಶಿಷ್ಯರು. ಗ್ವಾಲಿಯರ ಘರಾಣೆಯ ಖ್ಯಾಲಗಾಯನವನ್ನು ದಕ್ಷಿಣಕ್ಕೆ ತಂದು ನೆಲೆಗೊಳಿಸಿದ ಕೀರ್ತಿ ಬಾಲಕೃಷ್ಣಬುವಾ ಅವರದು. ಮಿರಜದಲ್ಲಿ ಅವರ ಪಾದದಡಿ ಕಲಿತ ಇನ್ನೊಬ್ಬ ಶಿಷ್ಯರೇ ಪಂಡಿತ ವಿಷ್ಣು ದಿಗಂಬರ ಪಲುಸ್ಕರರು (1872-1931). ನಮ್ಮ ಸೀಮೆಗೆ ಹತ್ತಿರದ ಕುರುಂದವಾಡದಲ್ಲಿ ಹುಟ್ಟಿದ ವಿಷ್ಣು ದಿಗಂಬರರು ಬಾಲ್ಯದಲ್ಲಿ ಪಟಾಕಿಯ ಕಿಡಿ ತಾಗಿ ಕಣ್ಣಿಗೆ ಪೆಟ್ಟು ಮಾಡಿಕೊಂಡು, ಶಾಲೆಯ ಓದು ಸಾಗದಾದಾಗ ಸಂಗೀತಕ್ಕೆ ಬಂದವರು. 1901ರಲ್ಲಿ ದೂರದ ಲಾಹೋರಿನಲ್ಲಿ ಅವರು ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದರು. ರಾಜಾಶ್ರಯವನ್ನು ನೆಚ್ಚದೆ ಸಾರ್ವಜನಿಕರ ನೆರವಿನಿಂದ, ತರಗತಿ, ಪಠ್ಯಕ್ರಮ, ಪರೀಕ್ಷೆಗಳ ಚೌಕಟ್ಟಿನಲ್ಲಿ ಸಂಗೀತವನ್ನು ಕಲಿಸಿದ ಆ ಶಾಲೆ ಭಾರತದ ಸಂಗೀತಶಿಕ್ಷಣದ ದಿಕ್ಕನ್ನೇ ಬದಲಿಸಿತು. ಆದರೆ ಸಾಲ ಮಾಡಿ ಮುಂಬಯಿಯಲ್ಲಿ ಕಟ್ಟಿದ ವಿದ್ಯಾಲಯದ ಕಟ್ಟಡವನ್ನು ಅವರು 1920ರ ದಶಕದಲ್ಲಿ ಸಾಲಗಾರರ ಪಾಲಿಗೆ ಬಿಟ್ಟುಕೊಡಬೇಕಾಯಿತು. ಅಷ್ಟು ದೊಡ್ಡ ಗಾಯಕರಿಗೂ ಸಂಗೀತಶಾಲೆಯನ್ನು ನಡೆಸುವುದು ಹಾಡಿನಷ್ಟು ಸುಲಭವಾಗಿರಲಿಲ್ಲವೆಂಬುದಕ್ಕೆ ಇದು ನಿದರ್ಶನ.

ಆ ಗುರುಪರಂಪರೆಯ ನಾದ ನೀಲಕಂಠಬುವಾ ಅವರ ಮೂಲಕ ಮಲಪ್ರಭೆಯ ದಂಡೆಗೆ ಹರಿದು ಬಂದಿತು. ಮುಂದೆ ಇದೇ ಗುರುಗಳು ಮಿರಜದಲ್ಲಿ ಮಲ್ಲಿಕಾರ್ಜುನ ಮನಸೂರರಿಗೂ (1910-1992) ಆರಂಭದ ಹಿಂದುಸ್ತಾನಿ ತಾಲೀಮು ಕೊಟ್ಟರು. ಶಿವಯೋಗಮಂದಿರದ ಪ್ರಶಾಂತ ವಾತಾವರಣದಲ್ಲಿ ಪಂಚಾಕ್ಷರಿಗಳು ಖ್ಯಾಲಗಾಯನವನ್ನು ಕರಗತ ಮಾಡಿಕೊಂಡರು. ಗಾಯನದ ಜೊತೆಗೆ ತಬಲಾ, ಹಾರ್ಮೋನಿಯಂ, ಪಿಟೀಲು ಮುಂತಾದ ವಾದ್ಯಗಳನ್ನೂ ವಶಪಡಿಸಿಕೊಂಡರು. ಎರಡೂ ಪದ್ಧತಿಗಳಲ್ಲಿ ಸಮಾನ ಅಧಿಕಾರವುಳ್ಳವರಾದುದರಿಂದ ಉಭಯಗಾನ ವಿಶಾರದರೆಂಬ ಬಿರುದು ಅವರಿಗೆ ಸಂದಿತು. ಕಣ್ಣಿಲ್ಲದ ಹಳ್ಳಿಯ ಹುಡುಗ ಗವಾಯಿಯಾದನು.

ಆಯ್ಕೆ

ಈಗ ಅವರ ಮುಂದೆ ಎರಡು ದಾರಿಗಳಿದ್ದವು. ಸಂಸ್ಥಾನಗಳ ದರಬಾರಿನಲ್ಲಿ, ಪಟ್ಟಣಗಳ ಸಭೆಗಳಲ್ಲಿ ಹಾಡಿ ಹಣ, ಮಾನ, ಶಾಲುಗಳನ್ನು ಗಳಿಸುವುದು ಒಂದು. ತಮ್ಮಂತೆಯೇ ಕತ್ತಲೆಯಲ್ಲಿ ಹುಟ್ಟಿದ ಮಕ್ಕಳನ್ನು ಹುಡುಕಿ ತಂದು ಅವರಿಗೆ ಸ್ವರದ ಊರುಗೋಲನ್ನು ಕೊಡುವುದು ಇನ್ನೊಂದು. ಗುರುಗಳ ಆಶಯ ಎರಡನೆಯದಾಗಿತ್ತು. ಶಿಷ್ಯರು ಅದನ್ನೇ ವ್ರತವಾಗಿ ಕೈಕೊಂಡರು. ಸಂಸಾರವನ್ನು ಕಟ್ಟಿಕೊಳ್ಳಲಿಲ್ಲ. ಅಂಧ, ಅನಾಥ, ಬಡ ಮಕ್ಕಳೇ ಅವರ ಸಂಸಾರವಾದರು. 1914ರಲ್ಲಿ ನಿಡಗುಂದಿಕೊಪ್ಪದಲ್ಲಿ ಕುಮಾರಸ್ವಾಮಿಗಳ ಆಶೀರ್ವಾದದೊಡನೆ ಅವರ ಸಂಗೀತ ಪಾಠಶಾಲೆ ಆರಂಭವಾಯಿತು. ಆಗ ಅವರಿಗೆ ಇಪ್ಪತ್ತೆರಡರ ಹರೆಯ.

ಸಂಚಾರಿ ಪಾಠಶಾಲೆ

ಆ ಪಾಠಶಾಲೆ ಒಂದೆಡೆ ನೆಲೆನಿಲ್ಲುವಂಥದಾಗಿರಲಿಲ್ಲ. ಅದಕ್ಕೆ ಸ್ವಂತದ ಹೊಲವಿಲ್ಲ, ಮನೆಯಿಲ್ಲ, ಸರಕಾರದ ಅನುದಾನವಿಲ್ಲ. ಶುಲ್ಕ ಕೊಡುವ ಶಕ್ತಿ ಅಲ್ಲಿಯ ಮಕ್ಕಳಿಗೆ ಇರಲಿಲ್ಲ. ಕೇಳುವ ಮನಸ್ಸು ಗುರುವಿಗೂ ಇರಲಿಲ್ಲ. ಆದುದರಿಂದ ಶಾಲೆಯೇ ಊರಿಂದೂರಿಗೆ ನಡೆಯಿತು. ಒಂದು ಊರಿನ ಮಠದಲ್ಲಿ ಕೆಲವು ತಿಂಗಳು, ಇನ್ನೊಂದು ಊರಿನ ಭಕ್ತರ ಆಶ್ರಯದಲ್ಲಿ ಕೆಲವು ತಿಂಗಳು. ಆ ಊರಿನವರು ಕೊಟ್ಟ ಜೋಳ, ಬೇಳೆಗಳಲ್ಲಿ ಮಕ್ಕಳ ಊಟ. ಅವರಿಗೆ ಪ್ರತಿಯಾಗಿ ಗುರುಶಿಷ್ಯರ ಕೀರ್ತನ, ಭಜನ, ಗಾಯನ.

ಕಣ್ಣಿಲ್ಲದ ಮಕ್ಕಳನ್ನೂ, ತಂಬೂರಿ, ತಬಲಾಗಳನ್ನೂ, ಅಡಿಗೆಯ ಪಾತ್ರೆಗಳನ್ನೂ ಸಾಗಿಸುತ್ತ, ಮಳೆಗಾಲ ಬೇಸಗೆಗಳೆನ್ನದೆ ಶಾಲೆಯೊಂದನ್ನು ನಡೆಸುವುದೆಂದರೆ ಏನೆಂಬುದನ್ನು ಶಿಕ್ಷಕರಾದವರು ಊಹಿಸಬಲ್ಲರು. ಮೈಗೆ ಬಟ್ಟೆ, ಜಡ್ಡಿಗೆ ಔಷಧಿ, ತಂತಿ ಹರಿದರೆ ತಂತಿ, ತಬಲಾದ ಚರ್ಮ ಒಡೆದರೆ ಹೊಸ ಚರ್ಮ, ಎಲ್ಲವನ್ನೂ ಗುರುವೇ ನೋಡಬೇಕು. ಆ ಗುರುವಿಗೂ ಕಣ್ಣಿಲ್ಲ.

ಪಾಠದ ಕ್ರಮವಾದರೂ ಸುಲಭವಾದುದಲ್ಲ. ಭಾರತದ ಭಾಷೆಗಳಿಗೆಲ್ಲ ಸಾಮಾನ್ಯವಾದ ಭಾರತಿ ಬ್ರೈಲ್ ಲಿಪಿ ರೂಪುಗೊಂಡದ್ದು 1951ರ ಸುಮಾರಿಗೆ, ಗವಾಯಿಗಳು ತೀರಿಕೊಂಡು ಏಳು ವರ್ಷಗಳಾದ ಮೇಲೆ. ಅದಕ್ಕೆ ಮೊದಲು ಅಂಧ ವಿದ್ಯಾರ್ಥಿಗೆ ಕಿವಿಯೇ ಪುಸ್ತಕ, ನೆನಪೇ ಪಾಟಿ. ಕಣ್ಣಿದ್ದವನು ಗುರುವಿನ ಬೆರಳುಗಳನ್ನು ನೋಡಿ ಹಾರ್ಮೋನಿಯಂ ಕಲಿಯುತ್ತಾನೆ. ಕಣ್ಣಿಲ್ಲದವನ ಬೆರಳನ್ನು ಹಿಡಿದು ಒಂದೊಂದು ಮನೆಯ ಮೇಲೂ ಇರಿಸಬೇಕು. ತಬಲಾದ ಮೇಲೆ ಅಂಗೈ ಎಲ್ಲಿ ತಂಗಬೇಕು, ಬೆರಳು ಎಲ್ಲಿ ಬೀಳಬೇಕೆಂಬುದನ್ನು ಸ್ಪರ್ಶದಿಂದಲೇ ತಿಳಿಸಬೇಕು. ಒಂದು ಬಂದಿಶ ಮಗುವಿನ ಕೊರಳಲ್ಲಿ ನೆಲೆಯಾಗುವವರೆಗೆ ನೂರಾರು ಸಲ ಹಾಡಿ ಹಾಡಿಸಬೇಕು. ಕಲಿತ ಹಿರಿಯ ಶಿಷ್ಯರು ಕಿರಿಯರಿಗೆ ಕಲಿಸುವ ಪದ್ಧತಿ ಇಂಥ ಶಾಲೆಯಲ್ಲಿ ತಾನಾಗಿಯೇ ಬೆಳೆಯಿತು. ಇದರಿಂದ ಎರಡು ಫಲಗಳು ದೊರೆತವು. ಒಬ್ಬನೇ ಗುರುವಿನ ಹೊರೆ ಹಂಚಿಹೋಯಿತು. ಪ್ರತಿಯೊಬ್ಬ ವಿದ್ಯಾರ್ಥಿಯೂ ಹಾಡುಗಾರನಾಗುವುದರ ಜೊತೆಗೆ ಶಿಕ್ಷಕನಾಗುವ ತರಬೇತಿಯನ್ನೂ ಪಡೆದನು. ಗವಾಯಿಗಳ ಶಾಲೆಯನ್ನು ಸಂಗೀತ ಶಿಕ್ಷಕರ ತರಬೇತಿ ಶಾಲೆಯೆಂದು ಕರೆದರೂ ತಪ್ಪಾಗಲಾರದು.

ನಾಟಕ ಮಂಡಳಿ

ಮಕ್ಕಳ ಸಂಖ್ಯೆ ಹೆಚ್ಚಿದಂತೆ ಭಿಕ್ಷೆಯೊಂದೇ ಸಾಲದಾಯಿತು. ಆಗ ಗವಾಯಿಗಳು ನಾಟಕ ಮಂಡಳಿಯೊಂದನ್ನು ಕಟ್ಟಿದರು. ಗುರುವಿನ ಹೆಸರನ್ನೇ ಹೊತ್ತು ಕುಮಾರೇಶ್ವರ ಕೃಪಾಪೋಷಿತವೆಂದು ಕರೆದುಕೊಂಡ ಆ ಮಂಡಳಿಯಲ್ಲಿ ಪಾಠಶಾಲೆಯ ವಿದ್ಯಾರ್ಥಿಗಳೇ ನಟರು, ಗಾಯಕರು, ವಾದಕರು. ನಾಟಕವೆಂದರೆ ಮೂಗುಮುರಿಯುವ ಜನ ಆ ಕಾಲದಲ್ಲಿ ಕಡಿಮೆಯಿರಲಿಲ್ಲ. ಆದರೆ ಗವಾಯಿಗಳು ಭಕ್ತಿಪ್ರಧಾನವಾದ ನಾಟಕಗಳನ್ನು ಆಡಿಸಿ, ಅದರಿಂದ ಬಂದ ಹಣವನ್ನು ಮಕ್ಕಳ ಅನ್ನಕ್ಕೆ ವಿನಿಯೋಗಿಸಿದರು. ಅಂಧನಾದವನು ಹಿಮ್ಮೇಳದಲ್ಲಿ ಕುಳಿತು ತನ್ನ ಊಟವನ್ನು ತಾನೇ ದುಡಿದನು. ಕೈಚಾಚುವುದರ ಬದಲು ಕಾಯಕ ಮಾಡುವುದನ್ನು ಮಕ್ಕಳು ಆ ರಂಗದ ಮೇಲೆ ಕಲಿತರು. ಶರಣರ ಕಾಯಕತತ್ತ್ವಕ್ಕೆ ಇದಕ್ಕಿಂತ ಮಿಗಿಲಾದ ವ್ಯಾಖ್ಯಾನ ಬೇಕಿಲ್ಲ.

ಆದರೂ ನಾಟಕದ ಆದಾಯ ನೆಚ್ಚುವಂಥದಲ್ಲ. ಮಳೆ ಸುರಿದರೆ ಆಟ ನಿಂತಿತು. ಮಳೆ ಬಾರದಿದ್ದರೆ ನೋಡುವವರ ಕೈಯಲ್ಲಿ ಕಾಸಿಲ್ಲ. 1930ರ ಫೆಬ್ರುವರಿಯಲ್ಲಿ ಕುಮಾರಸ್ವಾಮಿಗಳು ಶಿವಯೋಗಮಂದಿರದಲ್ಲಿ ಲಿಂಗೈಕ್ಯರಾದರು. ನಡೆಸುವ ಕೈಯಾಗಿದ್ದ ಗುರು ಮರೆಯಾದ ಮೇಲೆ ಸಂಸ್ಥೆಯ ಹೊರೆಯೆಲ್ಲ ಶಿಷ್ಯರೊಬ್ಬರ ಹೆಗಲ ಮೇಲೆಯೇ ಬಿದ್ದಿತು. ಇಂಥ ಹೊತ್ತಿನಲ್ಲಿ ಶಾಲೆಯನ್ನು ಮುಚ್ಚಿದ್ದರೆ ಯಾರೂ ಅವರನ್ನು ದೂರುತ್ತಿರಲಿಲ್ಲ. ಆದರೆ ಮುಚ್ಚಿದರೆ ಆ ಮಕ್ಕಳು ಹೋಗುವುದೆಲ್ಲಿಗೆ? ಮತ್ತೆ ಗುಡಿಯ ಮೆಟ್ಟಿಲಿಗೆ. ಗವಾಯಿಗಳು ಶಾಲೆಯನ್ನು ಮುಚ್ಚಲಿಲ್ಲ. ಮುಂದಿನ ಹನ್ನೆರಡು ವರ್ಷ ತಲೆಯ ಮೇಲೊಂದು ಸ್ವಂತ ಸೂರಿಲ್ಲದೆಯೇ ಅದನ್ನು ನಡೆಸಿದರು.

ಹಂಪೆಯ ವೇದಿಕೆ

ಈ ಕಷ್ಟದ ದಿನಗಳಲ್ಲಿಯೇ ಅವರ ಶಿಕ್ಷಣದ ಸತ್ತ್ವವೇನೆಂಬುದು ನಾಡಿಗೆ ಗೊತ್ತಾಯಿತು. ಧಾರವಾಡ ಜಿಲ್ಲೆಯ ಯಲಿವಾಳದ ಬಾಲಕನೊಬ್ಬ ನಾಟಕ ಕಂಪನಿಯಲ್ಲಿ ಹಾಡಿ ಮೆಚ್ಚುಗೆ ಪಡೆದಿದ್ದನು. ಅವನ ಕೊರಳಿನ ಗುಣವನ್ನು ಗುರುತಿಸಿದ ಗವಾಯಿಗಳು ಅವನನ್ನು ತಮ್ಮ ಶಿಷ್ಯನಾಗಿ ಸ್ವೀಕರಿಸಿದರು. ವಿಜಯನಗರ ಸಾಮ್ರಾಜ್ಯದ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವ 1936ರಲ್ಲಿ ಹಂಪೆಯಲ್ಲಿ ನಡೆದಾಗ ಆ ಶಿಷ್ಯನು ದೊಡ್ಡ ಸಭೆಯ ಮುಂದೆ ಹಾಡಿ ಜನರ ಮನಗೆದ್ದನು. ಅಂದು ಅವನಿಗೆ ತಬಲಾ ಸಾಥಿಗೆ ಕುಳಿತವರು ಸ್ವತಃ ಗುರುಗಳಾದ ಪಂಚಾಕ್ಷರ ಗವಾಯಿಗಳು.

ಆ ಶಿಷ್ಯರೇ ಪಂಡಿತ ಬಸವರಾಜ ರಾಜಗುರು. ಮುಂದೆ ಅವರು ಹಿಂದುಸ್ತಾನಿ ಸಂಗೀತದ ಅಗ್ರಪಂಕ್ತಿಯ ಗಾಯಕರಾಗಿ 1975ರಲ್ಲಿ ಪದ್ಮಶ್ರೀ, 1991ರಲ್ಲಿ ಪದ್ಮಭೂಷಣ ಗೌರವಗಳಿಗೆ ಪಾತ್ರರಾದರು. ಆದರೆ ಹಂಪೆಯ ಆ ಸಂಜೆಯಲ್ಲಿ ನಮ್ಮ ಗಮನ ನಿಲ್ಲಬೇಕಾದುದು ತಬಲಾದ ಮುಂದೆ ಕುಳಿತ ಗುರುವಿನ ಮೇಲೆ. ನಾಡಿನ ಗಣ್ಯರೆಲ್ಲ ನೆರೆದ ಸಭೆಯಲ್ಲಿ ಮುಖ್ಯ ಗಾಯಕನ ಆಸನ ಅವರಿಗೆ ಸಹಜವಾಗಿಯೇ ಸಲ್ಲುತ್ತಿತ್ತು. ಅದನ್ನು ಶಿಷ್ಯನಿಗೆ ಬಿಟ್ಟು, ಅವನ ಲಯ ತಪ್ಪದಂತೆ ಕಾಯುವ ಕೆಲಸವನ್ನು ತಾವು ವಹಿಸಿಕೊಂಡರು. ಶಿಕ್ಷಕನ ಸ್ಥಾನ ಎಲ್ಲಿರಬೇಕೆಂಬುದನ್ನು ಗವಾಯಿಗಳು ಮಾತಿನಿಂದ ಹೇಳದೆ ಕುಳಿತು ತೋರಿಸಿದರು.

ಗದಗಿನ ಪುಣ್ಯಾಶ್ರಮ

ಕೊನೆಗೆ ಗದಗು ಅವರಿಗೆ ನೆಲೆಯಿತ್ತಿತು. ಅಲ್ಲಿಯ ವ್ಯಾಪಾರಸ್ಥರೂ ಉದಾರಿಗಳೂ ಆದ ಬಸರಿಗಿಡದ ವೀರಪ್ಪನವರ ನೆರವಿನಿಂದ 1942ರಲ್ಲಿ ವೀರೇಶ್ವರ ಪುಣ್ಯಾಶ್ರಮ ಗದಗಿನಲ್ಲಿ ಸ್ಥಿರವಾಗಿ ನೆಲೆಗೊಂಡಿತು. ನಿಡಗುಂದಿಕೊಪ್ಪದಲ್ಲಿ ಮೊದಲ ಪಾಠ ಹೇಳಿದಂದಿನಿಂದ ಲೆಕ್ಕ ಹಾಕಿದರೆ ಅದು ಇಪ್ಪತ್ತೆಂಟು ವರ್ಷಗಳ ಅಲೆದಾಟ. ಆ ನೆಲೆಯ ಸುಖವನ್ನು ಗವಾಯಿಗಳು ಬಹಳ ದಿನ ಉಣ್ಣಲಿಲ್ಲ. 1944ರ ಜೂನ್ 11ರಂದು, ತಮ್ಮ 52ನೆಯ ವಯಸ್ಸಿನಲ್ಲಿ, ಅವರು ಲಿಂಗೈಕ್ಯರಾದರು. ಇಪ್ಪತ್ತೆಂಟು ವರ್ಷ ದಾರಿಯ ಮೇಲೆ, ಎರಡೇ ವರ್ಷ ಸೂರಿನ ಕೆಳಗೆ: ಇದು ಅವರ ಅಧ್ಯಾಪನ ಜೀವನದ ಲೆಕ್ಕ.

ಈ ಲೆಕ್ಕವನ್ನು ಓದುವಾಗ ಮನಸ್ಸು ಎರಡು ಬಗೆಯಾಗುತ್ತದೆ. ಅವರ ತ್ಯಾಗಕ್ಕೆ ತಲೆಬಾಗುತ್ತದೆ. ಅದರ ಜೊತೆಯಲ್ಲಿಯೇ ಬಸರಿಗಿಡದ ವೀರಪ್ಪನವರಂಥ ಒಬ್ಬ ದಾನಿ ಹತ್ತು ವರ್ಷ ಮೊದಲೇ ದೊರೆತಿದ್ದರೆ, ಅಲೆದಾಟದಲ್ಲಿ ಸವೆದ ಆ ದೇಹ ಇನ್ನೂ ಎಷ್ಟು ಮಕ್ಕಳಿಗೆ ಪಾಠ ಹೇಳುತ್ತಿತ್ತೋ ಎಂಬ ಕೊರಗೂ ಮೂಡುತ್ತದೆ. ಶಿಕ್ಷಕನ ತ್ಯಾಗವನ್ನು ಹೊಗಳುವುದು ಸಮಾಜಕ್ಕೆ ಸುಲಭ. ಅಷ್ಟು ತ್ಯಾಗ ಅವನಿಂದ ಬೇಡದಂತೆ ನೋಡಿಕೊಳ್ಳುವುದು ಸಮಾಜದ ನಿಜವಾದ ಹೊಣೆ.

ಗುರು ನೆಟ್ಟ ಮರ

ಗುರುಗಳು ಅಗಲಿದಾಗ ಆಶ್ರಮದ ಭಾರವನ್ನು ಹೊತ್ತವರು ಅವರ ಪಟ್ಟಶಿಷ್ಯರಾದ ಪುಟ್ಟರಾಜ ಗವಾಯಿಗಳು. 1914ರ ಮಾರ್ಚ್ 3ರಂದು ಹಾನಗಲ್ಲ ತಾಲೂಕಿನ ದೇವಗಿರಿಯಲ್ಲಿ ಜನಿಸಿದ ಅವರು ಶೈಶವದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡವರು. ಸೋದರಮಾವನ ಆಸರೆಯಲ್ಲಿ ಬೆಳೆದು ಪಂಚಾಕ್ಷರ ಗವಾಯಿಗಳ ಮಡಿಲಿಗೆ ಬಂದವರು. ಗುರುವಿನ ಪಾಠಶಾಲೆಯೂ ಈ ಶಿಷ್ಯರೂ ಒಂದೇ ವರ್ಷದಲ್ಲಿ ಜನ್ಮತಾಳಿದುದು ಒಂದು ಯೋಗವೇ ಸರಿ. ಮೂವತ್ತರ ಹರೆಯದಲ್ಲಿ ಆಶ್ರಮದ ಹೊಣೆಯನ್ನು ಹೊತ್ತ ಪುಟ್ಟರಾಜರು 2010ರ ಸೆಪ್ಟೆಂಬರ್ 17ರಂದು ಲಿಂಗೈಕ್ಯರಾಗುವವರೆಗೆ, ಅರವತ್ತಾರು ವರ್ಷ, ಅದನ್ನು ಇಳಿಸಲಿಲ್ಲ. ನಾಟಕ ಮಂಡಳಿಯನ್ನು ಮುಂದುವರಿಸಿದರು. ಕನ್ನಡ, ಹಿಂದಿ, ಸಂಸ್ಕೃತಗಳಲ್ಲಿ ಗ್ರಂಥಗಳನ್ನು ರಚಿಸಿದರು. ಭಕ್ತರು ನಡೆಸಿದ ತುಲಾಭಾರಗಳ ದ್ರವ್ಯ ಆಶ್ರಮದ ಮಕ್ಕಳ ಅನ್ನವಾಯಿತು. 2010ರಲ್ಲಿ ಭಾರತ ಸರಕಾರ ಅವರಿಗೆ ಪದ್ಮಭೂಷಣ ಪ್ರಶಸ್ತಿಯನ್ನಿತ್ತು ಗೌರವಿಸಿತು.

ಪುಟ್ಟರಾಜರ ಪಾಠದಲ್ಲಿ ಬೆಳೆದವರಲ್ಲಿ ಪಂಡಿತ ಎಂ. ವೆಂಕಟೇಶಕುಮಾರರೂ ಒಬ್ಬರು. ಬಳ್ಳಾರಿ ಸೀಮೆಯಿಂದ ಬಾಲಕನಾಗಿ ಬಂದು ಆಶ್ರಮದಲ್ಲಿ ಹನ್ನೊಂದು ಹನ್ನೆರಡು ವರ್ಷ ಕಲಿತು, ಧಾರವಾಡದ ಸಂಗೀತ ಮಹಾವಿದ್ಯಾಲಯದಲ್ಲಿ ಅಧ್ಯಾಪಕರಾಗಿ ದುಡಿದು, 2016ರಲ್ಲಿ ಪದ್ಮಶ್ರೀ ಪಡೆದವರು ಅವರು. ಹೀಗೆ ಗುರುವಿನಿಂದ ಶಿಷ್ಯನಿಗೆ, ಶಿಷ್ಯನಿಂದ ಕಾಲೇಜಿನ ತರಗತಿಗೆ ಆ ನಾದ ಹರಿದಿದೆ. ಪಂಚಾಕ್ಷರ ಗವಾಯಿಗಳ ಚರಿತ್ರೆಯನ್ನು ಕುರಿತು 1995ರಲ್ಲಿ ನಿರ್ಮಾಣವಾದ ಕನ್ನಡ ಚಲನಚಿತ್ರಕ್ಕೆ ಸಂಗೀತ ನೀಡಿದ ಹಂಸಲೇಖ ಅವರಿಗೂ, ಅದರಲ್ಲಿ ಹಾಡಿದ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿ ಬಂದುದನ್ನು ಅನೇಕರು ಬಲ್ಲರು.

ಆದರೆ ಪ್ರಶಸ್ತಿ ಪಡೆದವರನ್ನಷ್ಟೇ ಎಣಿಸಿದರೆ ಗವಾಯಿಗಳ ಕಾರ್ಯವನ್ನು ಅಳೆದಂತಾಗದು. ನಮ್ಮ ಮಠಗಳಲ್ಲಿ ಶ್ರಾವಣಮಾಸದ ಪುರಾಣ ಪ್ರವಚನ ನಡೆಯುವಾಗ ಶಾಸ್ತ್ರಿಗಳ ಪಕ್ಕದಲ್ಲಿ ಹಾರ್ಮೋನಿಯಂ ಹಿಡಿದು ಪದ್ಯಕ್ಕೆ ರಾಗ ಹಚ್ಚುವವರೊಬ್ಬರು, ತಬಲಾ ನುಡಿಸುವವರೊಬ್ಬರು ಕುಳಿತಿರುತ್ತಾರೆ. ಎಲ್ಲಿ ಕಲಿತಿರೆಂದು ಕೇಳಿದರೆ ಗದಗಿನ ಆಶ್ರಮದ ಹೆಸರು ಮತ್ತೆಮತ್ತೆ ಬರುತ್ತದೆ. ಪ್ರೌಢಶಾಲೆಗಳಲ್ಲಿ ಸಂಗೀತ ಶಿಕ್ಷಕರಾಗಿ, ಮನೆಯಲ್ಲಿ ಪಾಠ ಹೇಳುವವರಾಗಿ, ಕೀರ್ತನಕಾರರಾಗಿ ಆಶ್ರಮದ ಮಕ್ಕಳು ಉತ್ತರ ಕರ್ನಾಟಕದ ತುಂಬ ಹರಡಿದ್ದಾರೆ. ಅವರ ಹೆಸರು ಪತ್ರಿಕೆಯಲ್ಲಿ ಬರುವುದಿಲ್ಲ. ಆದರೆ ಅವರು ದುಡಿದು ಉಣ್ಣುತ್ತಾರೆ, ಮನೆ ನಡೆಸುತ್ತಾರೆ, ತಲೆಯೆತ್ತಿ ಬಾಳುತ್ತಾರೆ. ಗವಾಯಿಗಳು ಬಯಸಿದ್ದು ಮೊದಲಿಗೆ ಇದನ್ನೇ.

ನಮಗಿರುವ ಪಾಠ

ಈ ಚರಿತ್ರೆಯಿಂದ ನಮ್ಮ ಶಾಲೆಗಳು ಕಲಿಯಬೇಕಾದುದೇನು? ಸಂಗೀತ ಶಿಕ್ಷಣಕ್ಕೆ ಇಂದು ಕಾಗದದ ಮೇಲೆ ಕೊರತೆಯಿಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಲೆಗಳನ್ನು ಶಾಲೆಯ ಪಾಠದ ಅಂಗವಾಗಿ ಕಂಡಿತು. 2009ರ ಶಿಕ್ಷಣ ಹಕ್ಕು ಕಾಯಿದೆ, ನೂರಕ್ಕಿಂತ ಹೆಚ್ಚು ಮಕ್ಕಳಿರುವ ಹಿರಿಯ ಪ್ರಾಥಮಿಕ ಶಾಲೆಗೆ ಕಲಾ ಶಿಕ್ಷಣಕ್ಕೆಂದು ಅರೆಕಾಲಿಕ ಬೋಧಕರಿರಬೇಕೆಂದು ವಿಧಿಸಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪಠ್ಯ, ಪಠ್ಯೇತರವೆಂಬ ಗೋಡೆಯನ್ನೇ ಕೆಡವಬೇಕೆಂದಿತು. ವಿಷ್ಣು ದಿಗಂಬರರ ಶಿಷ್ಯರು 1931ರಲ್ಲಿ ಕಟ್ಟಿದ ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಳದ ಪರೀಕ್ಷೆಗಳನ್ನು ನಮ್ಮ ಭಾಗದ ಮಕ್ಕಳೂ ಬರೆಯುತ್ತ ಬಂದಿದ್ದಾರೆ. ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ಲರ ಹೆಸರಿನ ಸಂಗೀತ ವಿಶ್ವವಿದ್ಯಾಲಯವೂ ಇದೆ. ಆದರೆ ಸಾಮಾನ್ಯ ಶಾಲೆಯಲ್ಲಿ ಸಂಗೀತ ಶಿಕ್ಷಕರ ಸ್ಥಿತಿಯೇನೆಂಬುದನ್ನು ಬಲ್ಲವರೆಲ್ಲ ಬಲ್ಲರು. ಅತಿಥಿಗಳು ಬಂದಾಗ ಸ್ವಾಗತಗೀತೆಗೆ ಅವರು ನೆನಪಾಗುತ್ತಾರೆ. ವಾರ್ಷಿಕೋತ್ಸವ ಮುಗಿದ ಮರುದಿನ ಮರೆತುಹೋಗುತ್ತಾರೆ. ಪರೀಕ್ಷೆ ಸಮೀಪಿಸಿತೆಂದರೆ ಮೊದಲು ಕಡಿತವಾಗುವುದು ಅವರ ತಾಸು.

ಹಾನಗಲ್ಲ ಕುಮಾರಸ್ವಾಮಿಗಳು ಹೀಗೆ ಯೋಚಿಸಿದ್ದರೆ ಪಂಚಾಕ್ಷರ ಗವಾಯಿಗಳಾಗಲಿ, ಪುಟ್ಟರಾಜರಾಗಲಿ, ರಾಜಗುರುಗಳಾಗಲಿ ನಮಗೆ ದೊರೆಯುತ್ತಿರಲಿಲ್ಲ. ಸ್ವಾಮಿಗಳು ಫಲವನ್ನು ಒಂದು ವರ್ಷದಲ್ಲಿ ಬೇಡಲಿಲ್ಲ. ಒಬ್ಬ ಬಾಲಕನಿಗೆ ಗುರುವನ್ನು ಹುಡುಕಿ ಕೊಟ್ಟರು, ಊಟದ ಚಿಂತೆ ತಪ್ಪಿಸಿದರು, ಕಾದರು. ಆ ಒಬ್ಬನೇ ಮುಂದೆ ಪೀಳಿಗೆ ಪೀಳಿಗೆಗಳಿಗೆ ಗುರುವಾದನು.

ಆದುದರಿಂದ ಅಧ್ಯಾಪಕ ಬಂಧುಗಳಲ್ಲಿ ಒಂದು ವಿನಂತಿ. ವೇಳಾಪತ್ರಿಕೆಯಲ್ಲಿ ಸಂಗೀತದ ತಾಸನ್ನು ಗಣಿತದ ತಾಸಿನಂತೆಯೇ ಕಾಯೋಣ. ತರಗತಿಯ ಹಿಂದಿನ ಸಾಲಿನಲ್ಲಿ ಓದಿನಲ್ಲಿ ಹಿಂದೆ ಬಿದ್ದು ಕುಳಿತ ಮಗುವಿನ ಕೊರಳನ್ನೊಮ್ಮೆ ಕೇಳೋಣ. ಹಳೆಯ ವಿದ್ಯಾರ್ಥಿಗಳಲ್ಲಿ, ದಾನಿಗಳಲ್ಲಿ ಇನ್ನೊಂದು ವಿನಂತಿ. ಕೋಣೆ ಕಟ್ಟಿಸಿ ಹೆಸರಿನ ಕಲ್ಲು ಹಾಕಿಸುವುದು ಪುಣ್ಯದ ಕೆಲಸವೇ ಸ��ಿ. ಆದರೆ ಸಂಗೀತ ಶಿಕ್ಷಕರೊಬ್ಬರಿಗೆ ಹನ್ನೆರಡು ತಿಂಗಳೂ ತಪ್ಪದೆ ಸಂಬಳ ಬರುವಂತೆ ಒಂದು ನಿಧಿಯನ್ನಿಡುವುದು, ನಾಲ್ಕು ತಬಲಾಜೋಡಿ, ಎರಡು ತಂಬೂರಿ, ಎರಡು ಹಾರ್ಮೋನಿಯಂಗಳನ್ನು ಕೊಡಿಸಿ ಅವುಗಳ ದುರಸ್ತಿಯನ್ನೂ ನೋಡಿಕೊಳ್ಳುವುದು ಅದಕ್ಕಿಂತ ಕಡಿಮೆಯ ಪುಣ್ಯವಲ್ಲ. ಕಲ್ಲಿನ ಮೇಲಿನ ಹೆಸರು ಗೋಡೆಯಿರುವವರೆಗೆ ಉಳಿಯುತ್ತದೆ. ಬಸರಿಗಿಡದ ವೀರಪ್ಪನವರ ಹೆಸರು ಆಶ್ರಮದಲ್ಲಿ ಹಾಡು ಕೇಳುವವರೆಗೆ ಉಳಿಯುತ್ತದೆ.

ಪ್ರತಿವರ್ಷ ಜೂನ್ ತಿಂಗಳಿನಲ್ಲಿ ಮುಂಗಾರು ಮಳೆಯೊಡನೆ ನಮ್ಮ ಶಾಲೆಗಳ ಬಾಗಿಲು ತೆರೆಯುತ್ತವೆ, ಹೊಸ ಮಕ್ಕಳು ಬರುತ್ತಾರೆ. ಪಂಚಾಕ್ಷರ ಗವಾಯಿಗಳವರ ಪುಣ್ಯತಿಥಿಯೂ ಅದೇ ತಿಂಗಳಲ್ಲಿ ಬರುತ್ತದೆ. ಅಂದು ಅವರ ಭಾವಚಿತ್ರಕ್ಕೆ ಹಾರ ಹಾಕುವುದರ ಜೊತೆಗೆ, ಹೊಸದಾಗಿ ಸೇರಿದ ಒಂದು ಮಗುವಿಗಾದರೂ ಮೊದಲ ಸ್ವರಪಾಠ ಆರಂಭವಾಗುವಂತೆ ನೋಡಿಕೊಂಡರೆ, ಆ ಗಾನಯೋಗಿಗೆ ನಾವು ಸಲ್ಲಿಸುವ ನಮನ ಸಾರ್ಥಕವಾದೀತು.